ಸಮುದ್ರದಲ್ಲಿ ಹಿಡಿದ ಡ್ರಗ್ಸ್, ಕೇಸು ಯಾರದು?

ಮಾನ್ಯ ಸಂಪಾದಕರೇ,

ವಿಜಯಪುರದವರಿಗೆ ಸಮುದ್ರದ ಉಸಾಬರಿ ಯಾಕೆ ಅನ್ನಬೇಡಿ. ಅಲ್ಲಿ ಇಳಿದ ಮಾಲು ಕರಾವಳಿಯಲ್ಲೇ ಉಳಿಯುವುದಿಲ್ಲ, ಅಲ್ವಾ? 2023ರ ಮೇ ತಿಂಗಳಲ್ಲಿ ಕೊಚ್ಚಿ ಕಡೆ ಸಮುದ್ರದಲ್ಲಿ ಸುಮಾರು 2,500 ಕಿಲೊ ಮೆಥ್ ಎಂಬ ಮಾದಕವಸ್ತು ಹಿಡಿದರು. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿ.ಮೀ.ವರೆಗೆ ಸಮುದ್ರ ನಮ್ಮದೇ. ಅದರಾಚೆ, ದಡದಿಂದ 200 ನಾಟಿಕಲ್ ಮೈಲಿವರೆಗೆ ಮೀನು, ಎಣ್ಣೆಯ ಹಕ್ಕು ನಮಗಿದೆ, ಆದರೆ ಬೇರೆ ದೇಶದ ಬಾವುಟದ ಹಡಗು ಹತ್ತಿ ಡ್ರಗ್ಸ್ ಹುಡುಕಬೇಕಾದರೆ 1988ರ ವಿಯೆನ್ನಾ ಒಪ್ಪಂದದಂತೆ ಆ ದೇಶದ ಒಪ್ಪಿಗೆ ಬೇಕು. ಬಾವುಟವೇ ಇಲ್ಲದ ದೋಣಿಯನ್ನು ತಪಾಸಣೆ ಮಾಡಬಹುದು. ಅದರಲ್ಲಿದ್ದ ವಿದೇಶಿಯರ ಮೇಲೆ ಇಲ್ಲಿ ಕೇಸು ನಿಲ್ಲುತ್ತದೆಯೇ ಅನ್ನುವಲ್ಲಿ ವಕೀಲರಿಗೆ ಸುಗ್ಗಿ. ಕಡಲ್ಗಳ್ಳರಿಗೆ 2022ರ ಪ್ರತ್ಯೇಕ ಕಾಯ್ದೆ ಇದೆ, ಸಮುದ್ರದಲ್ಲಿ ಸಿಕ್ಕ ವಿದೇಶಿಯರ ಮೇಲೂ ಅದರಡಿ ಇಲ್ಲೇ ಕೇಸು ನಡೆಸಬಹುದು. 1985ರ ಮಾದಕವಸ್ತು ಕಾಯ್ದೆಗೂ ಅಂಥ ಸ್ಪಷ್ಟ ಕಲಮು ಸೇರಿಸಿ ಎಂದು ನಮ್ಮ ಭಾಗದ ಸಂಸದರು ದೆಹಲಿಯಲ್ಲಿ ಕೇಳಬಾರದೇ?

– ಒಬ್ಬ ಓದುಗ, ವಿಜಯಪುರ