ಹಾಲಿನ ಕ್ಯಾನಿನಲ್ಲಿ ಉಳಿದ ಕಾಗದಗಳು

ಮಾನ್ಯರೇ,

ಜನವರಿ 27ರ ಹೋಲೊಕಾಸ್ಟ್ (ನಾಜಿಗಳು ನಡೆಸಿದ ಯಹೂದಿಗಳ ಹತ್ಯಾಕಾಂಡ) ಸ್ಮರಣೆಗೆ ಪತ್ರಿಕೆಗಳಲ್ಲಿ ಮುಳ್ಳುತಂತಿಯ ಚಿತ್ರಗಳೇ ಜಾಸ್ತಿ. ಪೋಲೆಂಡಿನ ವಾರ್ಸಾ ಗೆಟ್ಟೋದ, ಅಂದರೆ ನಾಜಿಗಳು ಕೂಡಿಹಾಕಿದ್ದ ಕೇರಿಯ, ಯಹೂದಿಗಳು ಉಳಿಸಿದ ಕಾಗದಗಳ ಬಗ್ಗೆಯೂ ಬರೆಯಬಹುದಲ್ವಾ?

ಇತಿಹಾಸಕಾರ ಎಮಾನುಯೆಲ್ ರಿಂಗೆಲ್‌ಬ್ಲುಮ್ ಮತ್ತು ಸಂಗಡಿಗರು 1940ರಿಂದ ಗುಟ್ಟಾಗಿ ಎಲ್ಲವನ್ನೂ ಕೂಡಿಟ್ಟರು. ಡೈರಿ, ಪತ್ರ, ರೇಷನ್ ಕಾರ್ಡ್, ಟ್ರಾಮ್ ಟಿಕೆಟ್, ಮಿಠಾಯಿ ಸುತ್ತಿದ ಕಾಗದ ಕೂಡ! ತಗಡಿನ ಡಬ್ಬಿ, ಹಾಲಿನ ಕ್ಯಾನ್‌ಗಳಲ್ಲಿ ತುಂಬಿ ನೆಲದಲ್ಲಿ ಹೂತರು. 1946ರಲ್ಲಿ ಒಂದು ಭಾಗ, 1950ರಲ್ಲಿ ಇನ್ನೊಂದು ಸಿಕ್ಕಿತು. ಒಟ್ಟು ಸುಮಾರು 35,000 ಪುಟ. ಮೂರನೆಯದು ಇನ್ನೂ ಸಿಕ್ಕಿಲ್ಲ.

ಕೊಂದವರ ಕಡತಗಳಲ್ಲಿ ಈ ಜನ ಬರೀ ಅಂಕಿ. ಇಲ್ಲಿ ಅವರೇ ಮಾತಾಡುತ್ತಾರೆ. ನನಗಂತೂ ದೊಡ್ಡ ವರದಿಗಳಿಗಿಂತ ಆ ಟ್ರಾಮ್ ಟಿಕೆಟ್ಟೇ ಹೆಚ್ಚು ಕಾಡುತ್ತದೆ. ನಿಮ್ಮ ಭಾನುವಾರದ ಪುರವಣಿಯಲ್ಲಿ ಅರ್ಧ ಪುಟ ಕೊಟ್ಟರೂ ಸಾಕು.

– ಒಬ್ಬ ಓದುಗ, ಧಾರವಾಡ