ಮಳಿಗೆಯ ಚಿತ್ರದಲ್ಲೇ ಆಟದ ಸ್ವರೂಪ ಕಾಣಲಿ

ಮಾನ್ಯ ಸಂಪಾದಕರೇ,

ಸಣ್ಣ ತಂಡಗಳು ವರ್ಷಗಟ್ಟಲೆ ದುಡಿದು ರೂಪಿಸುವ ತಂತ್ರಗಾರಿಕೆಯ ವಿಡಿಯೊ ಗೇಮ್‌ಗಳು, ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಮಳಿಗೆಗೆ ಕೊಡುವ ಪುಟ್ಟ ಚಿತ್ರವೊಂದರ ದೋಷದಿಂದಲೇ ಗ್ರಾಹಕರ ಕಣ್ತಪ್ಪಿ ಹೋಗುತ್ತಿರುವುದು ಬೇಸರದ ಸಂಗತಿ. ಹುಡುಕಾಟದ ಪಟ್ಟಿಯಲ್ಲಿ ಆ ಚಿತ್ರ 120×45 ಪಿಕ್ಸೆಲ್‌ಗೆ ಕುಗ್ಗುತ್ತದೆ. ನನ್ನ ಪರಿಚಯದ ತಂಡವೊಂದು ಕೋಟೆ, ಆನೆ, ಕಾಲಾಳುಗಳನ್ನೆಲ್ಲ ಅದರಲ್ಲಿ ತುಂಬಿತ್ತು. ಕುಗ್ಗಿಸಿ ನೋಡಿದಾಗ ಕಂಡದ್ದು ಕಂದು ಬಣ್ಣದ ಕಲೆಯಷ್ಟೇ, ಆಟದ ಹೆಸರಿನ ತೆಳು ಅಕ್ಷರಗಳು ಹಿನ್ನೆಲೆಯಲ್ಲಿ ಕರಗಿಹೋಗಿದ್ದವು. ಒಂದೇ ಕೋಟೆ, ಅದರ ಸುತ್ತ ಆಟದ ಹಾಸಿನ ಷಟ್ಕೋನದ ಖಾನೆಗಳು, ದಪ್ಪ ಅಕ್ಷರದ ಹೆಸರು ಇದ್ದರೆ ಇದು ಚದುರಂಗದಂತೆ ಯೋಚಿಸಿ ಆಡುವ ಆಟವೆಂದು ಥಟ್ಟನೆ ತಿಳಿಯುತ್ತದೆ. ವಿಮರ್ಶೆಯ ಅಂಕ, ಪ್ರಶಸ್ತಿ, ರಿಯಾಯಿತಿಗಳನ್ನು ಚಿತ್ರದೊಳಗೆ ಬರೆಯುವುದನ್ನು ಸ್ಟೀಮ್ 2022ರ ಸೆಪ್ಟೆಂಬರ್‌ನಿಂದ ನಿರ್ಬಂಧಿಸಿರುವುದರಿಂದ ಚಿತ್ರದ ಹೊಣೆ ಇನ್ನೂ ಹೆಚ್ಚಿದೆ. ಆದ್ದರಿಂದ ತಂಡಗಳು ಚಿತ್ರಕಲಾವಿದರನ್ನು ಕೊನೆಯ ವಾರದಲ್ಲಲ್ಲ, ಆರಂಭದಲ್ಲೇ ಕರೆದು, ತಕ್ಕ ಸಂಭಾವನೆ ಕೊಟ್ಟು ಕೆಲಸ ವಹಿಸಬೇಕೆಂದು ಕೋರುತ್ತೇನೆ.

– ಓರ್ವ ಓದುಗ, ಬೆಂಗಳೂರು