ತಮಟೆ ಕಾಯಿಸಿಕೊಟ್ಟ ಅಣ್ಣನಿಗೆ

ನಮ್ಮ ಜಾನಪದ ರಾಕ್ ತಂಡದ ಮೊದಲ ಪೂರ್ಣ ಆಲ್ಬಂ ಅಂತೂ ಹೊರಬಂದಿದೆ. ಒಟ್ಟು 9 ಹಾಡು. ಆರನೆಯದರಲ್ಲಿ ತಮಟೆ ಇಷ್ಟು ಗಟ್ಟಿಯಾಗಿ ಮೊಳಗುತ್ತಿದ್ದರೆ ಅದಕ್ಕೆ ನೀವೇ ಕಾರಣ, ಅಣ್ಣಾ.

ಹೊರಗೆ ಬೆಂಗಳೂರಿನ ಜಡಿಮಳೆ, ಒಳಗೆ ಸ್ಟುಡಿಯೊದಲ್ಲಿ ರೆಕಾರ್ಡಿಂಗ್. ತಮಟೆಯ ಚರ್ಮ ತೇವ ಕುಡಿದು ಸಡಿಲಾಗಿತ್ತು. ಬಡಿದರೆ ರಟ್ಟಿನ ಡಬ್ಬ ಬಡಿದಂತೆ ಸದ್ದು. ನಾವು ಜಾಣರು ಮೈಕ್ ಬದಲಿಸುತ್ತಾ ಕುಳಿತಿದ್ದೆವು (ಬಾಡಿಗೆ ಗಂಟೆಯ ಲೆಕ್ಕದಲ್ಲಿ!). ಪಕ್ಕದ ಕಟ್ಟಡ ಕಾಯುತ್ತಿದ್ದ ನೀವು ಬಂದು, ಪೋರ್ಟಿಕೊದಲ್ಲಿ ಹಳೆಯ ಪತ್ರಿಕೆಗಳಿಗೆ ಬೆಂಕಿ ಹಚ್ಚಿ, ತಮಟೆಯನ್ನು ಉರಿಯ ಮೇಲೆ ತಿರುಗಿಸುತ್ತಾ ಹಿಡಿದಿರಿ. ಬೆರಳಿನಿಂದ ತಟ್ಟಿ, ಕಿವಿಗೊಟ್ಟು, “ಇನ್ನೂ ಸ್ವಲ್ಪ ಕಾಯಬೇಕು” ಎಂದಿರಿ. ಮುಂದಿನ ಟೇಕ್‌ನಲ್ಲೇ ಹಾಡು ಮುಗಿಯಿತು.

ಹೆಸರು ಕೇಳಲು ಹೊರಬಂದರೆ ನಿಮ್ಮ ಪಾಳಿ ಮುಗಿದಿತ್ತು. ಆಲ್ಬಂನ ಕೃತಜ್ಞತೆಯ ಪಟ್ಟಿಯಲ್ಲಿ “ತಮಟೆ ಕಾಯಿಸಿದವರು” ಎಂದು ಹಾಕಿದ್ದೇವೆ, ಗಿಟಾರ್ ವಾದಕನಿಗಿಂತ ಮೇಲೆ. ಅವನ ತಕರಾರೇನೂ ಇಲ್ಲ.